ನಳಿಗೆ ಉದ್ದ ಮಾಡಿದರೆ ಹಂದಿ ಬೀಳುವುದಿಲ್ಲ

ಹೋದ ವರ್ಷ ಗೋವಿನಜೋಳ ಹಾಲುಗಾಳು ಹಿಡಿಯುವ ಹೊತ್ತಿಗೆ ನಮ್ಮೂರ ಹನುಮಪ್ಪನ ಗುಡಿಯ ಕಟ್ಟೆ ಮೇಲೆ ಒಂದು ಸಭೆ ಆಯಿತು. ಸಭೆ ಅಂದರೆ ದೊಡ್ಡದೇನಲ್ಲ, ಹದಿನೈದು ಇಪ್ಪತ್ತು ಮಂದಿ ಹೊಲದವರು. ವಿಷಯ ಒಂದೇ: ಹಂದಿ. ನಮ್ಮದು ಶಿಗ್ಗಾಂವಿ ತಾಲೂಕು, ಮಳೆ ನಂಬಿದ ಹೊಲ. ಪಡುವಲ ದಿಕ್ಕಿಗೆ ಕುರುಚಲು ಅಡವಿ, ಮೂಡಲಕ್ಕೆ ಎರೆ ಬಯಲು. ರಾತ್ರಿ ಒಂದು ಹಿಂಡು ಇಳಿದರೆ ಬೆಳಗಾಗುವುದರೊಳಗೆ ಅರ್ಧ ಎಕರೆ ಗೋವಿನಜೋಳ ಹಾಸಿಗೆ ಹಾಸಿದ ಹಾಗೆ ಮಲಗಿರುತ್ತದೆ. ತಿನ್ನುವುದು ಸ್ವಲ್ಪ, ಕೆಡವುವುದು ಬಹಳ. ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಸಂತೆಯಲ್ಲಿ ಸಿಗುವ ಹಾನಗಲ್ಲ ಕಡೆಯವರು, ಹಿರೇಕೆರೂರ ಕಡೆಯವರು ಎಲ್ಲರೂ ಇದೇ ಮಾತು ಆಡುತ್ತಾರೆ.

ಆ ಸಭೆಯಲ್ಲಿ ಮೂರು ಮಾತು ಬಂದವು. ಒಬ್ಬ ಹಿರಿಯರು ಅಂದರು, "ಈಗಿನ ಬಂದೂಕಿನ ನಳಿಗಿ ಗಿಡ್ಡ. ನಮ್ಮ ಹಿರಿಯರ ಕಾಲದ್ದು ಎದಿ ಮಟ್ಟ ಇರ್ತಿತ್ತು. ನಳಿಗಿ ಉದ್ದ ಇದ್ದಷ್ಟೂ ಪೆಟ್ಟು ಜೋರು." ನಮ್ಮ ಅಣ್ಣನ ಮಗ ಅದಕ್ಕೆ ಉಲ್ಟಾ ಹೇಳಿದ. ಅವರ ಮನೆಯಲ್ಲಿ ಲೈಸೆನ್ಸಿನ 12 ಬೋರಿನ ಒಂಟಿ ನಳಿಗೆಯ ಬಂದೂಕು ಇದೆ, 30 ಇಂಚಿನ ನಳಿಗೆ. "ಜೋಳದ ಸಾಲಿನ್ಯಾಗ ತಿರುವಾಕ ಬರೂದಿಲ್ಲ ಕಾಕಾ, ದಂಟಿಗೆ ಬಡೀತದ. 18 ಇಂಚಿಗೆ ಕೊಯ್ಸಿದ್ರ ಹಗುರ ಆಗ್ತದ, ಪೆಟ್ಟೇನೂ ಕಮ್ಮಿ ಆಗೂದಿಲ್ಲಂತ." ಕೊಯ್ದು ಕೊಡುವವನನ್ನೂ ಹುಡುಕಿ ಇಟ್ಟಿದ್ದ. ಮೂರನೆಯವರು ಇವೆರಡೂ ಬೇಡ, ನಾಲ್ಕೂ ತಾಲೂಕಿನವರು ಸೇರಿ ಸರಕಾರಕ್ಕೆ ಅರ್ಜಿ ಹಾಕೋಣ, ದೊಡ್ಡ ಬೋರಿನ ಬೇಟೆ ರೈಫಲ್ಲೇ ಕೊಡಲಿ ಅಂದರು.

ಈ ಮೂರೂ ಮಾತಿಗೆ ನನ್ನ ಅಭಿಪ್ರಾಯ ಬೇರೆ ಇದೆ. ಆ ದಿನ ಕಟ್ಟೆ ಮೇಲೆ ಸರಿಯಾಗಿ ಹೇಳಲು ಬರಲಿಲ್ಲ. ನಾನು ಓದಿದ್ದು ಏಳನೇ ಇಯತ್ತೆ. ಆಮೇಲೆ ಕೇಳಿ ತಿಳಿದು, ಲೆಕ್ಕ ಹಾಕಿಸಿ, ಈಗ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಡೆದದ್ದು

ಮೊದಲು ನಮ್ಮಪ್ಪನ ಕತೆ ಹೇಳಬೇಕು. 1984ನೇ ಇಸವಿ. ಆಗ ನಮ್ಮದು ಇನ್ನೂ ಧಾರವಾಡ ಜಿಲ್ಲೆ, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ನನಗೆ ಹದಿನಾಲ್ಕು ವರ್ಷ, ಶಾಲೆ ಬಿಟ್ಟು ಎತ್ತಿನ ಹಿಂದೆ ನಿಂತು ಒಂದು ವರ್ಷ ಆಗಿತ್ತು. ನಮ್ಮಪ್ಪನ ಹತ್ತಿರ ಬೆಳೆ ಕಾಯುವ ಲೈಸೆನ್ಸಿನ ಈಡುಗಂಡಿ ಬಂದೂಕು ಇತ್ತು. ಅಂದರೆ ಬಾಯಿಂದ ಮದ್ದು ಹಾಕಿ, ಗಜದಿಂದ ಜಡಿದು, ಕೇಪು ಇಟ್ಟು ಹಾರಿಸುವುದು. ನಳಿಗೆ 38 ಇಂಚು. ಈಗಲೂ ನನ್ನ ಹತ್ತಿರ ಇದೆ, ನಾನೇ ಅಳೆದಿದ್ದೇನೆ.

ಶೇಂಗಾ ಕೀಳುವ ದಿನ. ಬೆಳದಿಂಗಳು ಇತ್ತು. ಅಪ್ಪ ಅಟ್ಟದ ಮೇಲಿಂದ ಒಂದು ಒಂಟಿ ಹಂದಿಗೆ ಹೊಡೆದ. ಅರವತ್ತು ಹೆಜ್ಜೆಗಿಂತ ಹೆಚ್ಚೇ ಇತ್ತು. ಒಳಗೆ ಇದ್ದದ್ದು ದಪ್ಪ ಚರೆ. ಹಂದಿ ಒಮ್ಮೆ ಕೂಗಿ ಹಳ್ಳದ ಕಡೆ ಹೋಯಿತು. ಬೆಳಗ್ಗೆ ನಮ್ಮ ಕಾಕಾ ಆ ಹಳ್ಳದ ದಂಡೆಗೆ ಹುಲ್ಲು ಕೊಯ್ಯಲು ಹೋದ. ಅವನಿಗೆ ಯಾರೂ ಹೇಳಿರಲಿಲ್ಲ. ಗಾಯಗೊಂಡ ಹಂದಿ ಪೊದೆಯಿಂದ ಎದ್ದು ಬಂದು ತೊಡೆ ಸೀಳಿತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಕಾಕಾ ಮುಂದೆ ಇಪ್ಪತ್ತು ವರ್ಷ ಕುಂಟಿದ. ಅವನ ಪಾಲಿನ ಹೊಲವನ್ನೂ ನಮ್ಮಪ್ಪನೇ ಸಾಯುವ ತನಕ ಊಳಿದ.

ಅಪ್ಪ ಈ ವಿಷಯ ಬಂದಾಗೆಲ್ಲ ಒಂದೇ ಮಾತು ಹೇಳುತ್ತಿದ್ದ, "ನಳಿಗಿ ಇನ್ನೊಂದು ಗೇಣು ಉದ್ದ ಇತ್ತಂದ್ರ ಅದು ಅಲ್ಲೇ ಬೀಳತಿತ್ತು." ನಾನೂ ನಂಬಿದ್ದೆ. ಯಾಕೆಂದರೆ ಅದನ್ನು ನಂಬದಿದ್ದರೆ ಇನ್ನೊಂದು ಮಾತು ನಂಬಬೇಕಾಗುತ್ತಿತ್ತು.

ನಳಿಗೆಯ ಒಳಗೆ ಏನಾಗುತ್ತದೆ

ನಮ್ಮ ಪಕ್ಕದ ಹಳ್ಳಿಯಲ್ಲಿ ಫೌಜಿನಿಂದ ನಿವೃತ್ತಿ ಆಗಿ ಬಂದ ಹವಾಲ್ದಾರರು ಒಬ್ಬರಿದ್ದಾರೆ. ಸಭೆ ಆದ ವಾರ ಅವರ ಹತ್ತಿರ ಹೋಗಿ ಕೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ.

ನಮ್ಮ ಕಡೆ ದೀಪಾವಳಿಗೆ ಕೊಬ್ಬರಿ ಹೋರಿ ಬಿಡುವುದು ನಿಮಗೆಲ್ಲ ಗೊತ್ತಿದೆ. ಹೋರಿ ಬಿಟ್ಟ ಕೂಡಲೇ ಹಿಂದಿನಿಂದ ಕೂಗು, ಹಲಗಿ ಬಡಿತ. ಮೊದಲ ಹತ್ತು ಮಾರಿನಲ್ಲಿ ಅದು ಹಿಡಿಯುವ ಓಟವೇ ದೊಡ್ಡದು. ಮುಂದೆ ಹೋದಂತೆ ಹಿಂದಿನ ಗದ್ದಲ ದೂರ ಆಗುತ್ತದೆ. ಓಟ ಇನ್ನೂ ಸ್ವಲ್ಪ ಹೆಚ್ಚಬಹುದು, ಆದರೆ ಮೊದಲಿನ ಹತ್ತು ಮಾರಿನಷ್ಟು ಅಲ್ಲ. ಮದ್ದು ಸುಟ್ಟು ಗಾಳಿ ಆಗಿ ಗುಂಡನ್ನು ತಳ್ಳುವುದೂ ಹೀಗೇ. ಬುಡದಲ್ಲಿ ಒತ್ತಡ ಬಹಳ, ಬಾಯಿಗೆ ಬರುವಷ್ಟರಲ್ಲಿ ಅದು ಬಹಳಷ್ಟು ಇಳಿದಿರುತ್ತದೆ. ಗುಂಡು ನಳಿಗೆಯೊಳಗೆ ಇರುವ ತನಕ ತಳ್ಳು ಸಿಗುತ್ತದೆ, ಹೌದು. ಆದ್ದರಿಂದ ಉದ್ದ ನಳಿಗೆಗೆ ವೇಗ ಹೆಚ್ಚು ಎನ್ನುವುದು ಸುಳ್ಳಲ್ಲ. ಆದರೆ ಒಂದೊಂದು ಇಂಚು ಕೂಡಿಸಿದ ಹಾಗೆ ಸಿಗುವ ಲಾಭ ಕಡಿಮೆ ಆಗುತ್ತಾ ಹೋಗುತ್ತದೆ. ಮಣ್ಣಿಗೆ ಗೊಬ್ಬರ ಹಾಕಿದ ಹಾಗೆ. ಮೊದಲ ಚೀಲಕ್ಕೆ ಬರುವ ಫಸಲು ನಾಲ್ಕನೇ ಚೀಲಕ್ಕೆ ಬರುವುದಿಲ್ಲ.

ಇದನ್ನು ಅಳೆದವರೂ ಇದ್ದಾರೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬವರು ಮರದ ದಿಮ್ಮಿಯನ್ನು ತೊಟ್ಟಿಲ ಹಾಗೆ ತೂಗು ಹಾಕಿ, ಅದಕ್ಕೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತು ಎಂದು ನೋಡಿ ವೇಗ ಲೆಕ್ಕ ಹಾಕುವ ಉಪಾಯವನ್ನು 1742ರಲ್ಲಿ ಪುಸ್ತಕ ಬರೆದು ತಿಳಿಸಿದರು. 1780ರ ದಶಕದಲ್ಲಿ ಚಾರ್ಲ್ಸ್ ಹಟನ್ ಎಂಬವರು ಅದೇ ರೀತಿ ಬೇರೆ ಬೇರೆ ಉದ್ದದ ತೋಪುಗಳನ್ನು ಹಾರಿಸಿ ನೋಡಿದರು. ನಳಿಗೆ ಉದ್ದ ಆದ ಹಾಗೆ ವೇಗ ಏರುತ್ತದೆ, ಆದರೆ ಉದ್ದ ಏರಿದಷ್ಟು ಏರುವುದಿಲ್ಲ ಎಂದು ಅವರು ಕಂಡರು. ಅವರು ಕೊಟ್ಟ ಸೂತ್ರ ಹಿಡಿದರೆ ನಳಿಗೆ ಎರಡು ಪಟ್ಟು ಮಾಡಿದಾಗ 100 ಇದ್ದ ವೇಗ 200 ಆಗುವುದಿಲ್ಲ, 126ರಿಂದ 141ರ ನಡುವೆ ನಿಲ್ಲುತ್ತದೆ.

ನನ್ನ ಮಗಳು ಬಿ.ಎಸ್ಸಿ. ಓದಿದವಳು. ಅಪ್ಪನ ಬಂದೂಕಿಗೆ ಇದೇ ಲೆಕ್ಕ ಹಾಕಿ ಕೊಡು ಅಂದೆ. 38 ಇಂಚಿಗೆ ಒಂದು ಗೇಣು, ಅಂದರೆ 9 ಇಂಚು ಕೂಡಿಸಿದರೆ ವೇಗ 100ಕ್ಕೆ 7ರಿಂದ 11 ಹೆಚ್ಚುತ್ತದೆ ಅಂದಳು. ಅದೂ ಗಿಡ್ಡ ತೋಪಿನ ಲೆಕ್ಕ. ಮೊದಲೇ ಉದ್ದ ಇರುವ ಬಂದೂಕಿಗೆ ಇನ್ನೂ ಕಡಿಮೆ. ಅರವತ್ತು ಹೆಜ್ಜೆ ಆಚೆ ಆ ಚರೆ ನಾಲ್ಕು ಕಡೆ ಹರಡಿ, ಒಂದೋ ಎರಡೋ ಹಂದಿಯ ಹಿಂಭಾಗಕ್ಕೆ ತಾಗಿದ್ದವು. ಅವು ಸ್ವಲ್ಪ ಜೋರಾಗಿ ತಾಗಿದ್ದರೂ ಹಂದಿ ಬೀಳುತ್ತಿರಲಿಲ್ಲ. ತಪ್ಪು ನಳಿಗೆಯದಲ್ಲ, ದೂರದ್ದು. ಆ ದೂರಕ್ಕೆ ಹೊಡೆದದ್ದು ನಮ್ಮಪ್ಪ. ಹೊಡೆದ ಮೇಲೆ ಬೆಳಗ್ಗೆ ಓಣಿಯವರಿಗೆ ಹೇಳದೆ ಇದ್ದದ್ದೂ ಅವನೇ. ಅಲ್ಲದೆ ಅನುಮತಿ ಇಲ್ಲದೆ ಹೊಡೆಯುವುದು ಆ ಕಾಲಕ್ಕೂ ಕಾನೂನಿನಲ್ಲಿ ತಪ್ಪೇ ಆಗಿತ್ತು. ತೀರಿಹೋದ ತಂದೆಯ ಬಗ್ಗೆ ಹೀಗೆ ಬರೆಯಲು ಮನಸ್ಸಿಗೆ ಕಷ್ಟ ಆಗುತ್ತದೆ. ಆದರೆ ಸುಳ್ಳು ನಂಬಿಕೆ ನಮ್ಮ ಹುಡುಗರ ಕೈಗೆ ಹೋಗಬಾರದು.

ದೊಡ್ಡ ಬೋರಿನ ರೈಫಲ್ಲಿನ ಲೆಕ್ಕ

ನಮ್ಮ ಕಡೆ ಬೋರು ಅಂದರೆ ಕೊಳವೆ ಬಾವಿ. ಬಂದೂಕಿನಲ್ಲಿ ಬೋರು ಅಂದರೆ ನಳಿಗೆಯ ಒಳ ಅಗಲ. 12 ಬೋರು ಎಂದರೆ, ಆ ನಳಿಗೆಗೆ ಸರಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ 12 ತೂಗುತ್ತವೆ ಎಂದು ಅರ್ಥ. ಹಳೆ ಕಾಲದ ಆನೆ ಬೇಟೆಗೆ 4 ಬೋರಿನ ಬಂದೂಕು ಇದ್ದವು, ಅದರ ಒಂದು ಗುಂಡೇ ಕಾಲು ಪೌಂಡು. ರೈಫಲ್ಲಿಗೆ ಲೆಕ್ಕ ಬೇರೆ, ಒಳ ಅಗಲವನ್ನು ಇಂಚಿನಲ್ಲಿ ಹೇಳುತ್ತಾರೆ. ನಳಿಗೆಯ ಒಳಗೆ ಸುತ್ತು ಗೆರೆ ಕೊರೆದಿರುತ್ತಾರೆ, ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೆಟ್ಟಗೆ ಹೋಗುತ್ತದೆ.

ಈಗ ಕೇಳಿರಿ, ದೊಡ್ಡ ಬೋರಿಗೂ ಸಣ್ಣ ಬೋರಿಗೂ ನಳಿಗೆಯ ಉದ್ದದ ಪರಿಣಾಮ ಒಂದೇ ಅಲ್ಲ. ಒಂದು ಕೊಡ ನೀರನ್ನು ಸಣ್ಣ ಕಾಲುವೆಗೆ ಬಿಟ್ಟರೆ ದೂರ ಹರಿಯುತ್ತದೆ. ಅದೇ ಒಂದು ಕೊಡವನ್ನು ಅಗಲ ಕಾಲುವೆಗೆ ಬಿಟ್ಟರೆ ನಾಲ್ಕು ಮಾರಿಗೇ ತೆಳ್ಳಗಾಗಿ ನಿಲ್ಲುತ್ತದೆ. ಹಾಗೇ ಅಗಲ ನಳಿಗೆಯಲ್ಲಿ ಗುಂಡು ಒಂದು ಇಂಚು ಮುಂದೆ ಹೋದರೂ ಹಿಂದೆ ಬಹಳ ಜಾಗ ತೆರೆಯುತ್ತದೆ, ಮದ್ದಿನ ಗಾಳಿ ಬೇಗ ಸಡಿಲ ಆಗುತ್ತದೆ. ಅದಕ್ಕೇ ದೊಡ್ಡ ಬೋರಿನ ರೈಫಲ್ಲಿಗೆ ಬೇಕಾದ ವೇಗದ ಬಹುಪಾಲು ಗಿಡ್ಡ ನಳಿಗೆಯಲ್ಲೇ ಬಂದುಬಿಡುತ್ತದೆ. ಸಣ್ಣ ಬೋರಿಗೆ ಬಹಳ ಮದ್ದು ತುಂಬಿದ ರೈಫಲ್ಲಿಗೆ ಮಾತ್ರ ಉದ್ದ ನಳಿಗೆಯ ಲಾಭ ಹೆಚ್ಚು.

ಕೆನೆತ್ ಆಂಡರ್ಸನ್ ಅವರ ಬೇಟೆ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ, ನಮ್ಮಲ್ಲಿ ಬಹಳ ಮಂದಿ ಓದಿರುತ್ತೀರಿ. ಬೆಂಗಳೂರಿನ ಆ ಬೇಟೆಗಾರರ ಕೈಯಲ್ಲಿ ಇದ್ದದ್ದು .405 ವಿಂಚೆಸ್ಟರ್ ರೈಫಲ್. ಅದರ ಗುಂಡು 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 2,200 ಅಡಿ. ನಳಿಗೆ 24 ಇಂಚು. ಹುಲಿ ಹೊಡೆದ ರೈಫಲ್ಲಿನ ನಳಿಗೆ ನಮ್ಮಪ್ಪನ ಹಂದಿ ಬಂದೂಕಿಗಿಂತ 14 ಇಂಚು ಗಿಡ್ಡ ಎನ್ನುವುದನ್ನು ಗಮನಿಸಿರಿ.

ದೊಡ್ಡ ಬೇಟೆ ರೈಫಲ್ಲುಗಳಲ್ಲಿ ನಳಿಗೆಯ ಒಂದು ಇಂಚಿಗೆ ಹೆಚ್ಚು ಕಡಿಮೆ ಆಗುವ ವೇಗ ಸೆಕೆಂಡಿಗೆ ಸುಮಾರು 15ರಿಂದ 30 ಅಡಿ. 26 ಇಂಚಿನ ನಳಿಗೆಯನ್ನು 22 ಇಂಚು ಮಾಡಿದರೆ 60ರಿಂದ 120 ಅಡಿ ಹೋಗುತ್ತದೆ. 2,150 ಅಡಿ ವೇಗದ ಗುಂಡಿಗೆ ಇದು 100ಕ್ಕೆ 3ರಿಂದ 6. ಗುಂಡಿನ ಶಕ್ತಿ ವೇಗದ ವರ್ಗದಂತೆ ಏರಿಳಿಯುವುದರಿಂದ ಪೆಟ್ಟಿನ ಶಕ್ತಿ 100ಕ್ಕೆ 6ರಿಂದ 11 ಇಳಿಯುತ್ತದೆ. ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದಲ್ಲ. ಆದರೆ ಕೋಣವನ್ನೇ ಕೆಡವುವ ಗುಂಡಿಗೆ ಹತ್ತು ಪಾಲಿನಲ್ಲಿ ಒಂದು ಪಾಲು ಹೋದರೆ ಏನೂ ಕೆಡುವುದಿಲ್ಲ. ಗುಂಡು ಎಲ್ಲಿ ಬಿತ್ತು ಎನ್ನುವುದೇ ಮುಖ್ಯ.

ಇನ್ನೊಂದು ಮಾತು. ಕಾಡತೂಸಿನ ಪೆಟ್ಟಿಗೆ ಮೇಲೆ ಅಚ್ಚು ಹಾಕಿದ ವೇಗ ಕಂಪನಿಯವರ ಪರೀಕ್ಷೆಯ ನಳಿಗೆಯದು. ಅದು ಬಹಳ ಸಲ ಕೊಳ್ಳುವವನ ನಳಿಗೆಗಿಂತ ಉದ್ದ ಇರುತ್ತದೆ. ಬೀಜದ ಪಾಕೀಟಿನ ಮೇಲೆ ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಅಚ್ಚು ಹಾಕುತ್ತಾರಲ್ಲ, ಅದು ಅವರ ನೀರಾವರಿ ಹೊಲದ ಲೆಕ್ಕ. ನಮ್ಮ ಮಸಾರಿಯಲ್ಲಿ ಎಷ್ಟು ಬರುತ್ತದೆ ಎಂದು ನಮಗೇ ಗೊತ್ತು. ಇದೂ ಅದೇ.

ಕೊಯ್ಸುವ ಮಾತು

ಈಗ ನಮ್ಮ ಹುಡುಗನ ಮಾತಿಗೆ ಬರುತ್ತೇನೆ. 12 ಬೋರಿನ ಚರೆ ಬಂದೂಕಿನಲ್ಲಿ ಒಂದು ಇಂಚಿಗೆ ವ್ಯತ್ಯಾಸ ಸೆಕೆಂಡಿಗೆ 5ರಿಂದ 10 ಅಡಿ ಅಷ್ಟೆ. ಹೊರಡುವ ವೇಗ ಸುಮಾರು 1,200 ಅಡಿ. 30 ಇಂಚನ್ನು 18 ಮಾಡಿದರೂ ಹೋಗುವುದು 60ರಿಂದ 120 ಅಡಿ. ಸಣ್ಣ ಚರೆ ನಳಿಗೆ ಬಿಟ್ಟ ಮೇಲೆ ಮೊದಲ ಹತ್ತು ಗಜದ ಗಾಳಿಯಲ್ಲೇ ಅಷ್ಟು ಕಳೆದುಕೊಳ್ಳುತ್ತದೆ. ಆದ್ದರಿಂದ ವೇಗದ ಮಟ್ಟಿಗೆ ಹುಡುಗ ಹೇಳಿದ್ದು ಬಹುಪಾಲು ಖರೆ. ಖರೆ ಇದ್ದದ್ದನ್ನು ಖರೆ ಅನ್ನಬೇಕು.

ಆದರೆ ವೇಗ ಒಂದೇ ನೋಡಿದರೆ ಆಗುವುದಿಲ್ಲ. ಚರೆ ಬಂದೂಕಿನ ಬಾಯಿಯ ಹತ್ತಿರ ಒಳಗೆ ಸ್ವಲ್ಪ ಬಿಗಿ ಮಾಡಿರುತ್ತಾರೆ, ಅದಕ್ಕೆ ಚೋಕ್ ಅನ್ನುತ್ತಾರೆ. ಚರೆ ಹರಡದ ಹಾಗೆ ಹಿಡಿದು ಕಳಿಸುವುದು ಅದೇ. 40 ಗಜದಲ್ಲಿ 30 ಇಂಚಿನ ಸುತ್ತಿನೊಳಗೆ ಪೂರಾ ಚೋಕ್ ಇದ್ದ ನಳಿಗೆ 100ಕ್ಕೆ ಸುಮಾರು 70 ಚರೆ ಹಾಕುತ್ತದೆ. ಚೋಕ್ ಇಲ್ಲದ್ದು ಸುಮಾರು 40. ಬಾಯಿ ಕೊಯ್ಸಿದರೆ ಹೋಗುವುದು ಮೊದಲು ಈ ಚೋಕ್. ಆಮೇಲೆ ಹೊಡೆತ ಕೊಲ್ಲುವುದಿಲ್ಲ, ಗಾಯ ಮಾಡುತ್ತದೆ. ಗಾಯಗೊಂಡ ಹಂದಿ ಏನು ಮಾಡುತ್ತದೆ ಎಂದು ನಮ್ಮ ಮನೆಯಲ್ಲಿ ನೋಡಿದ್ದೇವೆ. ಇದರ ಮೇಲೆ ಸಪ್ಪಳ ಕಿವಿ ಹರಿಯುವಷ್ಟು, ರಾತ್ರಿ ಬಾಯಿಂದ ಬರುವ ಬೆಂಕಿಗೆ ಕಣ್ಣು ಕತ್ತಲೆ ಕಟ್ಟುತ್ತದೆ, ಬಂದೂಕು ಹಗುರ ಆದ್ದರಿಂದ ಹೆಗಲಿಗೆ ಒದೆ ಹೆಚ್ಚು. ಗಿಡ್ಡ ನಳಿಗೆ ಕೈಯಲ್ಲಿ ಸುಲಭವಾಗಿ ತಿರುಗುವುದರಿಂದ ಪಕ್ಕದಲ್ಲಿ ನಿಂತವನ ಕಡೆಗೂ ಅಷ್ಟೇ ಸುಲಭವಾಗಿ ತಿರುಗುತ್ತದೆ.

ಕಾನೂನು ಇನ್ನೂ ಬಿಗಿ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಯಾವ ಬಂದೂಕಿನ ನಳಿಗೆಯನ್ನೂ ಗಿಡ್ಡ ಮಾಡುವಂತಿಲ್ಲ. ಅದೇ ಕಾಯ್ದೆಯ 13ನೇ ಕಲಮಿನಲ್ಲಿ ನಮ್ಮಂಥವರ ಮಾತು ಇದೆ: ಬೆಳೆ ರಕ್ಷಣೆಗೆ ಈಡುಗಂಡಿ ಬಂದೂಕು, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆ ಆದರೆ 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ, ಒಳಗೆ ಗೆರೆ ಇಲ್ಲದ ಬಂದೂಕು. 18 ಇಂಚಿಗೆ ಕೊಯ್ಸಿದ ದಿನವೇ ಅದು ಬೆಳೆ ಕಾಯುವ ಬಂದೂಕು ಅನ್ನಿಸಿಕೊಳ್ಳುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಹೀಗೆ ನಳಿಗೆ ಗಿಡ್ಡ ಮಾಡಿದ್ದಕ್ಕೆ ಶಿಕ್ಷೆ ಕನಿಷ್ಠ 7 ವರ್ಷ ಜೈಲು. ದಂಟಿಗೆ ನಳಿಗೆ ಬಡಿಯುತ್ತದೆ ಎಂದು ಏಳು ವರ್ಷ ಒಳಗೆ ಕೂತರೆ ಆ ಹೊಲ ಯಾರು ಊಳಬೇಕು?

ರೈಫಲ್ ಅರ್ಜಿಯ ಬಗ್ಗೆ

ಇನ್ನು ಮೂರನೆಯ ಮಾತು. ರೈಫಲ್ ಕೇಳೋಣ ಎನ್ನುವವರ ಸಂಕಟ ನನಗೆ ತಿಳಿಯುತ್ತದೆ. ಆದರೆ ಸವಣೂರ ಬಯಲಿನಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿರಿ. ಹೊಲದ ಆಚೆ ಹೊಲ, ನಡುವೆ ಒಂದು ದಿಬ್ಬ ಇಲ್ಲ. ಸಣ್ಣ ಚರೆ ಸುಮಾರು 250, 300 ಮೀಟರಿಗೆ ನೆಲಕ್ಕೆ ಬೀಳುತ್ತದೆ. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಎರಡು ಕಿಲೋಮೀಟರ್ ದಾಟಿ ಹೋಗಬಲ್ಲದು. ಹತ್ತಿ ಹೊಲದಲ್ಲಿ ಬೆಳಗಿನ ಜಾವ ಬಿಡಿಸುವ ಹೆಣ್ಣುಮಕ್ಕಳು, ಕಣದಲ್ಲಿ ಮಲಗಿದವರು, ಕುರಿ ಹಟ್ಟಿಯವರು ಅದರ ದಾರಿಯಲ್ಲಿ ಇರುತ್ತಾರೆ. ನಾವು ವೇಗ ವೇಗ ಎಂದು ಕೇಳುತ್ತೇವೆ. ಆ ವೇಗ ಹಂದಿಯ ಹತ್ತಿರ ನಿಲ್ಲುವುದಿಲ್ಲ.

ಅಲ್ಲದೆ ಯಾವ ಬಂದೂಕು ಇದ್ದರೂ ಹೊಡೆಯುವ ಹಕ್ಕು ಬೇರೆ. ಬೆಳೆ ಕಾಯುವ ಲೈಸೆನ್ಸ್ ಎಂದರೆ ಬೇಟೆಯ ಪರವಾನಗಿ ಅಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇಲೆ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯ ಇದೆ ಎಂದು ಕಂಡರೆ ಅರಣ್ಯ ಇಲಾಖೆಯ ಅಧಿಕಾರ ಉಳ್ಳವರು 11ನೇ ಕಲಮಿನಲ್ಲಿ ಲಿಖಿತ ಅನುಮತಿ ಕೊಡಬಹುದು. ಅದು ಕೈಗೆ ಬರದೆ ಹೊಡೆದರೆ ಅಪರಾಧ. ನವಿಲು, ಕೃಷ್ಣಮೃಗ ಒಂದನೇ ಪಟ್ಟಿಯವು. ಬೆಳೆ ತಿಂದವು ಎಂದು ಅವುಗಳ ಮೇಲೆ ಬಂದೂಕು ಎತ್ತುವ ಮಾತೇ ಇಲ್ಲ. ಬಂಕಾಪುರದ ಕೋಟೆಯ ಸುತ್ತಿನವರಿಗೂ ರಾಣೆಬೆನ್ನೂರ ಕಡೆಯವರಿಗೂ ಇದು ಚೆನ್ನಾಗಿ ಗೊತ್ತು.

ಅರ್ಜಿ ಹಾಕುವುದಾದರೆ ಇದನ್ನು ಕೇಳೋಣ ಎಂಬುದು ನನ್ನ ಸೂಚನೆ. ಲಿಖಿತ ಅನುಮತಿಯ ಅರ್ಜಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬೆಳೆ ಹೊಲದಲ್ಲಿ ಇರುವಾಗಲೇ ಬರಲಿ. ಕೊಯ್ಲು ಆದ ಮೇಲೆ ಬರುವ ಕಾಗದದಿಂದ ಏನು ಉಪಯೋಗ? ಎರಡನೆಯದು, ಹೊಡೆಯುವುದೇ ಆದರೆ ತರಬೇತಿ ಆದವರು ಹೊಡೆಯಲಿ, ಹಿಂದೆ ಏನಿದೆ ಎಂದು ನೋಡಿ, ಹತ್ತಿರದಿಂದ. ಮೂರನೆಯದು, ಬೆಳೆಹಾನಿ ಪರಿಹಾರದ ಅಳತೆ ಮಾಡಲು ಬರುವವರು ಮಲಗಿದ ದಂಟು ಕೊಳೆಯುವ ಮೊದಲೇ ಬರಲಿ. ಇವು ಮೂರೂ ಸಿಕ್ಕರೆ ರೈಫಲ್ಲಿನ ಮಾತು ಅರ್ಧ ಮಂದಿಯ ಬಾಯಲ್ಲಿ ತಾನೇ ನಿಲ್ಲುತ್ತದೆ.

ಬಂದೂಕು ಇರುವವರಿಗೆ ನಾಲ್ಕು ಮಾತು

ಬೋರ್ ಕೊರೆಸುವಾಗ ಮೂರು ನೂರು ಅಡಿಗೆ ನೀರು ಬರದಿದ್ದರೆ ಇನ್ನೂ ಇನ್ನೂರು ಹೋಗು ಅನ್ನುತ್ತೇವೆ. ಆಳ ಮಾಡಿದಷ್ಟೂ ನೀರು ಎಂಬ ಆಸೆ. ಎಷ್ಟೋ ಮಂದಿ ಹಾಗೆ ಸಾಲದಲ್ಲಿ ಬಿದ್ದದ್ದನ್ನು ನೋಡಿದ್ದೇವೆ. ಉದ್ದ ಮಾಡಿದಷ್ಟೂ ಪೆಟ್ಟು ಎನ್ನುವುದು ಅಂಥದೇ ಆಸೆ. ಅದರಿಂದ ಹುಟ್ಟುವ ಇನ್ನೊಂದು ಕೆಟ್ಟ ಚಾಳಿ ಇದೆ: ನಳಿಗೆ ಉದ್ದ ಮಾಡಲು ಬರುವುದಿಲ್ಲ, ಮದ್ದನ್ನಾದರೂ ಹೆಚ್ಚು ಹಾಕೋಣ ಎನ್ನುವುದು. ಹೆಚ್ಚಿನ ಮದ್ದಿನಿಂದ ಸಿಗುವ ವೇಗ ಸ್ವಲ್ಪ. ಬುಡದಲ್ಲಿ ಏರುವ ಒತ್ತಡ ಬಹಳ. ತುಕ್ಕು ಹಿಡಿದ ಹಳೆ ನಳಿಗೆ ಹೊಡೆದವನ ಮುಖದ ಹತ್ತಿರವೇ ಒಡೆಯುತ್ತದೆ. ಕಾಡತೂಸು ಒಡೆದು ಅದರ ಮದ್ದನ್ನು ಈಡುಗಂಡಿಗೆ ಹಾಕುವುದಂತೂ ಬೇಡವೇ ಬೇಡ. ಅದು ಹೊಗೆ ಇಲ್ಲದ ಮದ್ದು, ಕರಿ ಮದ್ದಿನ ನಳಿಗೆ ಅದನ್ನು ತಾಳುವುದಿಲ್ಲ.

ವರ್ಷಕ್ಕೊಮ್ಮೆ, ಮುಂಗಾರಿ ಬಿತ್ತುವ ಮೊದಲು, ಖಾಲಿ ಮಾಡಿ ಬಿಚ್ಚಿ, ಬಲ್ಲವರಿಗೆ ನಳಿಗೆ ತೋರಿಸಿರಿ. ಹೊಲದಲ್ಲಿ ಬಾಯಿಗೆ ಮಣ್ಣು ಹೊಕ್ಕಿದ್ದರೆ ಹಾರಿಸಬೇಡಿರಿ. ಅಡ್ಡ ಸಿಕ್ಕಿದ ಒಂದು ಹಿಡಿ ಕೆಸರಿಗೂ ನಳಿಗೆ ಉಬ್ಬಿ ಒಡೆಯುತ್ತದೆ. ಲೈಸೆನ್ಸು 5 ವರ್ಷಕ್ಕೆ ನವೀಕರಿಸುವುದನ್ನು ಮರೆಯಬೇಡಿರಿ. ಮತ್ತು ಆಕಾಶಕ್ಕೆ ಸಪ್ಪಳ ಮಾಡಲು ಹಾರಿಸುವಾಗಲೂ ನಳಿಗೆಯಲ್ಲಿ ಗುಂಡು ಇರಬಾರದು, ಬರೀ ಮದ್ದು ಸಾಕು. ಮೇಲೆ ಹೋದದ್ದು ಕೆಳಗೆ ಬರುತ್ತದೆ.

ನಮ್ಮೂರಲ್ಲಿ ಈಗ ಮಾಡಿದ್ದು ಇಷ್ಟು. ಗೋವಿನಜೋಳ ತೆನೆ ಕಟ್ಟಿದ ದಿನದಿಂದ ಕೊಯ್ಲಿನ ತನಕ, ಹನ್ನೊಂದು ಮನೆಯವರು ಪಾಳಿ ಹಚ್ಚಿಕೊಂಡು ಕಾಯ್ದೆವು. ಒಂದು ರಾತ್ರಿಗೆ ಮೂರು ಮಂದಿ. ಅಡವಿ ಕಡೆಯ ಬದುವಿಗೆ ಒಂದು ಅಟ್ಟ, ಹಲಗಿ, ದೊಡ್ಡ ಬ್ಯಾಟರಿ. ಹಂದಿ ಬರಲಿಲ್ಲ ಅನ್ನುವುದಿಲ್ಲ, ನಾಲ್ಕು ಸಲ ಬಂತು. ಒಂದು ಸಲ ಕಾಯುವವರು ನಿದ್ದೆ ಹೋಗಿದ್ದರು, ಎರಡು ಗುಂಟೆ ಹೋಯಿತು. ಉಳಿದ ಮೂರು ಸಲ ಬದುವಿನ ಮೇಲಿಂದಲೇ ತಿರುಗಿತು. ನಿದ್ದೆಗೆಡುವುದು ಬಹಳ ಕಷ್ಟ, ಹಗಲು ಕೆಲಸ ಆಗುವುದಿಲ್ಲ. ಒಂಟಿ ಮನೆಯವರಿಗೆ, ಮಕ್ಕಳು ಪಟ್ಟಣಕ್ಕೆ ಹೋದ ಮುದುಕರಿಗೆ ಇದು ಆಗುವ ಮಾತಲ್ಲ. ಅವರ ಪಾಳಿಯನ್ನು ಉಳಿದವರು ಹಂಚಿಕೊಳ್ಳಬೇಕಾಯಿತು, ಅದಕ್ಕೆ ಜಗಳವೂ ಆಯಿತು. ಇದೇ ದಾರಿ ಎಲ್ಲರಿಗೂ ಸರಿ ಎಂದು ನಾನು ಹೇಳುತ್ತಿಲ್ಲ.

ಅಣ್ಣನ ಮಗ ನಳಿಗೆ ಕೊಯ್ಸಲಿಲ್ಲ. ಕಾನೂನಿಗೆ ಹೆದರಿದನೋ, ಚೋಕಿನ ಲೆಕ್ಕ ತಿಳಿಯಿತೋ, ಕಾಕಾನ ಕಾಲು ನೆನಪಾಯಿತೋ, ನಾನು ಕೇಳಲಿಲ್ಲ. ಅವನು ಹುಟ್ಟುವ ಮೊದಲಿನ ಮಾತು ಅದು, ಆದರೂ ಕಾಕಾ ಕುಂಟುತ್ತಾ ಅವನನ್ನು ಹೆಗಲ ಮೇಲೆ ಹೊತ್ತು ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಅವನಿಗೆ ನೆನಪಿದೆ.

ರೈತ ಬಾಂಧವರೇ, ಹಾನಗಲ್ಲ, ಸವಣೂರ, ಹಿರೇಕೆರೂರ ಕಡೆಯಲ್ಲಿ ಬೆಳೆ ಕಾಯುವ ಬಂದೂಕು ಇರುವವರು ಬಹಳ ಮಂದಿ ಇದ್ದೀರಿ. ನಾನು ಬರೆದ ಲೆಕ್ಕದಲ್ಲಿ ತಪ್ಪು ಕಂಡರೆ ತಿದ್ದಿರಿ. ಪಾಳಿ ಕಾಯುವುದನ್ನು ನಮಗಿಂತ ಚೆನ್ನಾಗಿ ಮಾಡಿದವರು, ಒಂಟಿ ಮನೆಯವರಿಗೆ ಏನು ವ್ಯವಸ್ಥೆ ಮಾಡಿದಿರಿ ಎಂದು ಪತ್ರಿಕೆಗೆ ಬರೆಯಿರಿ. ಮುಂದಿನ ತೆನೆ ಕಟ್ಟುವುದರೊಳಗೆ ನಮಗೆ ಅದು ಬೇಕಾಗಿದೆ.